ದೊಡ್ಡವಳ ಅಪ್ಪಣೆ

ಅಶ್ದೋದ್ ಊರಿನಲ್ಲಿ, ಮೊರಾಕೋದಿಂದ ಬಂದ ನಮ್ಮ ಯೆಹೂದಿಗಳ ಬೀದಿಯಲ್ಲಿ ನಲವತ್ತು ವರ್ಷದಿಂದ ಯಾವ ಮದುವೆಯ ಮದರಂಗಿಯೂ ನನ್ನ ಕೈ ತಪ್ಪಿ ಹೋಗಿಲ್ಲ. ಕಲಸುವವಳು ನಾನು, ಮದುಮಗಳಿಗೆ ಜರಿಯ ನಿಲುವಂಗಿ ತೊಡಿಸುವವಳು ನಾನು, ಯಾವ ಅತ್ತೆಯನ್ನು ಯಾವ ನಾದಿನಿಯ ಪಕ್ಕ ಕೂರಿಸಬಾರದೆಂದು ಬಲ್ಲವಳೂ ನಾನೇ. ಆದ್ದರಿಂದ ಜೊಹಾರಾಳ ಮನೆಯಲ್ಲಿ ಆ ಮಧ್ಯಾಹ್ನ ನಡೆದದ್ದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಊರವರಿಗೆ ಬುದ್ಧಿ ಹೇಳಲು ನನಗೆ ನಾಚಿಕೆಯಾಗುತ್ತದೆ.

ಜೊಹಾರಾ ನಮ್ಮ ಮೇಲಿನ ಮಹಡಿಯವಳು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು. ದೊಡ್ಡವಳು ಯಾರ್ದೆನಾ, ಆಸ್ಪತ್ರೆಯಲ್ಲಿ ನರ್ಸು. ಚಿಕ್ಕವಳು ಮೈತಾಲ್. ಯಾರ್ದೆನಾ ಹದಿಮೂರು ವರ್ಷದಿಂದ ಹೈಫಾದಲ್ಲಿ ನಿತ್ಸಾನ್ ಎಂಬಾಕೆಯ ಜೊತೆ ಸಂಸಾರ ಮಾಡಿಕೊಂಡಿದ್ದಾಳೆ. ನಮ್ಮಲ್ಲಿ ಮದುವೆ ಮಾಡಿಸುವವರು ರಬ್ಬಿಗಳು. ಹೆಣ್ಣಿಗೂ ಹೆಣ್ಣಿಗೂ ಅವರು ಮದುವೆ ಮಾಡಿಸುವುದಿಲ್ಲ, ಮಾಡಿಸಲು ಬೇರೆ ಕಚೇರಿಯೂ ಇಲ್ಲ. ಇಬ್ಬರೂ ಕೆನಡಾಕ್ಕೆ ಹೋಗಿ ಮದುವೆಯಾಗಿ ಬಂದರು. ಆ ಕಾಗದ ನೋಡಿ ಸರ್ಕಾರ ವಿವಾಹಿತೆ ಎಂದು ಬರೆದುಕೊಂಡಿತು. ತಾನು ಮಾಡಿಸದ ಮದುವೆಯನ್ನು ಪರದೇಶದವರು ಮಾಡಿಸಿ ಕಳಿಸಿದರೆ ಬರೆದುಕೊಳ್ಳುತ್ತದಂತೆ, ಎಂಥ ಚೆಂದ ನೋಡಿ!

ಜೊಹಾರಾಳ ಬಾಯಲ್ಲಿ ಮಾತ್ರ ನಿತ್ಸಾನ್ "ರೂಮಿನವಳು". ಜೊಹಾರಾಳ ಗಂಡ ತೀರಿಕೊಂಡಾಗ ಏಳು ದಿನದ ಸೂತಕದಲ್ಲಿ ಮನೆಯವರ ಪಕ್ಕ ಕೂರಬೇಕಾದ ನಿತ್ಸಾನ್ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ನಾವೆಲ್ಲ ಅವಳ ಕೈಯಿಂದಲೇ ಪುದೀನ ಚಹಾ ಕುಡಿದೆವು. ಅವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಪಕ್ಕದಲ್ಲಿ ಕೂರು ಎನ್ನಲಿಲ್ಲ.

ಈಗ ಮೈತಾಲಳಿಗೆ ಶಾಹಾರ್ ಎಂಬ ಹುಡುಗನ ಜೊತೆ ಮದುವೆ. ನಮ್ಮಲ್ಲೊಂದು ಪದ್ಧತಿಯಿದೆ. ಅಕ್ಕ ಮದುವೆಯಾಗದೆ ಉಳಿದು ತಂಗಿಗೆ ಮದುವೆಯಾದರೆ, ಅಕ್ಕ ಮದರಂಗಿಯ ದಿನ ಎಲ್ಲರೆದುರು ನಿಂತು "ನಾನಿನ್ನೂ ಕನ್ಯೆ, ಆದರೂ ನನ್ನ ಅಪ್ಪಣೆ ಇದೆ" ಎನ್ನಬೇಕು. ಅಕ್ಕನ ಕಣ್ಣೀರು ತಂಗಿಯ ಸಂಸಾರಕ್ಕೆ ತಟ್ಟದಿರಲಿ ಎಂದು. ಮದರಂಗಿಯ ಹಿಂದಿನ ವಾರ ಖರ್ಜೂರಕ್ಕೆ ಬಾದಾಮಿ ತುಂಬುತ್ತ ಕೂತಿದ್ದಾಗ ಜೊಹಾರಾ ಮಾತು ತೆಗೆದಳು.

"ಎರಡು ಮಾತು ಅಂದ್ಬಿಡೇ. ನಿನ್ನ ಗಂಟೇನು ಹೋಗುತ್ತೆ?"

"ಅಮ್ಮಾ, ನಂಗೆ ಮದುವೆಯಾಗಿದೆ," ಎಂದಳು ಯಾರ್ದೆನಾ.

"ಶುರು ಮಾಡಿದ್ಲು! ಅದನ್ನ ಹೈಫಾದಲ್ಲಿ ಇಟ್ಕೋ. ಇಲ್ಲಿ ಬೀಗರು ಬರ್ತಾರೆ, ನಿಮ್ಮ ದೊಡ್ಡಪ್ಪ ಬರ್ತಾರೆ."

"ಇಲ್ಲದ್ದನ್ನ ಹೇಗಮ್ಮ ಹೇಳ್ಲಿ? ನಂಗೆ ಆಪರೇಷನ್ ಆದಾಗ ಹನ್ನೊಂದು ದಿನ ಅವಳು ನಿದ್ದೆಗೆಟ್ಟಿದ್ಲು. ಅವಳನ್ನ ಪಕ್ಕದಲ್ಲಿಟ್ಕೊಂಡು ಕನ್ಯೆ ಅನ್ಲಾ?"

"ತಂಗಿಗೋಸ್ಕರ ಅಷ್ಟೂ ಮಾಡಲ್ವಾ? ಹೇಳು ಸೊಲಿಕಾ, ನಾನು ಕೇಳ್ತಿರೋದು ಹೆಚ್ಚಾಯ್ತಾ?" ಎಂದು ಜೊಹಾರಾ ನನ್ನ ಕಡೆ ತಿರುಗಿದಳು.

ನಾನೇನೆಂದೆ ಗೊತ್ತೇ? "ಒಂದು ದಿನದ ಮಾತು ಮಗಳೇ, ಹೊಂದ್ಕೊಂಡು ಹೋಗು" ಎಂದೆ. ಹುಡುಗಿ ನನ್ನ ಮುಖವನ್ನೇ ನೋಡಿದಳು. ಕೊನೆಗೆ "ಆಯ್ತು, ಅಂತೀನಿ. ಆದ್ರೆ ನಿತ್ಸಾನಳನ್ನೂ ಕರೀಬೇಕು" ಎಂದು ಎದ್ದು ಹೋದಳು.

ಮದರಂಗಿಯ ದಿನ ಮನೆ ತುಂಬ ಜನ. ಮೈತಾಲ್ ಜರಿಯ ಅಂಗಿ ತೊಟ್ಟು ನಡುವೆ ಕೂತಿದ್ದಳು. ಮದುವೆಯಾದ ಹೆಂಗಸರು ಗೋಡೆಯುದ್ದಕ್ಕೆ, ಆಗದವರು ಕಿಟಕಿಯ ಕಡೆ, ಹಾಗೆ ಕೂರಿಸಿದವಳು ನಾನೇ. ನಿತ್ಸಾನಳನ್ನೂ ಕಿಟಕಿಯ ಕಡೆ ತಳ್ಳಿದ್ದೆ. ಬಟ್ಟಲು ಹಿಡಿದು, "ಕೈ ಚಾಚಮ್ಮ, ಬೇಗ ಗಂಡ ಸಿಗ್ಲಿ" ಎಂದೆ. ನಲವತ್ತು ವರ್ಷದ ಅಭ್ಯಾಸ, ನಾಲಿಗೆ ತಾನೇ ಹೊರಳಿತು.

ಅವಳು ಕಿಬ್ಬುತ್ಸ್ ಎಂಬ ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ ಬೆಳೆದವಳು, ನಮ್ಮ ಮೊರಾಕೋದವರ ಶಾಸ್ತ್ರ ತಿಳಿಯದು. ಕೈ ಹಿಂದೆ ಸರಿಸಿ ಮೆಲ್ಲಗೆ, "ಕ್ಷಮಿಸಿ, ನಂಗೆ ಮದುವೆಯಾಗಿದೆ" ಎಂದಳು.

"ಹೌದಾ? ಎಲ್ಲಮ್ಮ ಯಜಮಾನ್ರು?" ಎಂದಳು ಪಕ್ಕದ ಹುಡುಗಿ.

ನಿತ್ಸಾನ್ ಯಾರ್ದೆನಾಳ ಕಡೆ ನೋಡಿದಳು. ಯಾರ್ದೆನಾ ನೆಲ ನೋಡಿದಳು. ಅಷ್ಟರಲ್ಲಿ ದೊಡ್ಡಪ್ಪ ಮಾಖ್ಲೂಫ್, ನಮ್ಮ ಪ್ರಾರ್ಥನಾಮಂದಿರದ ಮೇಲ್ವಿಚಾರಕರು, ಗಂಟಲು ಸರಿಮಾಡಿಕೊಂಡರು.

"ಯಾರ್ದೆನಾ, ಎದ್ದು ಬಾ. ಅಪ್ಪಣೆ ಕೊಡು. ಹೊತ್ತಾಯ್ತು."

ಅವಳು ಎದ್ದಳು. "ನಾನಿನ್ನೂ..." ಎಂದು ನಿಲ್ಲಿಸಿದಳು. ಮತ್ತೆ "ನಾನಿನ್ನೂ..." ಎಂದಳು.

"ಸಾಕು ಅಕ್ಕ, ಕೂತ್ಕೋ," ಎಂದಳು ಮೈತಾಲ್. "ನಿಂಗೆ ಮದುವೆಯಾಗಿದೆ. ನಿನ್ನ ಅಪ್ಪಣೆ ನಂಗ್ಯಾಕೆ ಬೇಕು? ಸೊಲಿಕಾ ಅತ್ತೆ, ಬಟ್ಲು ಅಕ್ಕನ ಕೈಗೆ ಕೊಡಿ. ನಂಗೆ ಮೊದಲ ಮದರಂಗಿ ಅವಳೇ ಇಡ್ಲಿ."

ಅಯ್ಯೋ ದೇವರೇ! ಮದುಮಗಳಿಗೆ ಮೊದಲು ಮದರಂಗಿ ಇಡುವವಳು ಸುಖವಾಗಿ ಬಾಳುತ್ತಿರುವ ಸಂಸಾರಸ್ಥೆಯಾಗಿರಬೇಕು. ಮೈತಾಲ್ ಮಾತ್ರ ಎರಡೂ ಕೈ ಮುಷ್ಟಿ ಹಿಡಿದು ಕೂತಳು.

"ಏನೇ ಇದು ನಾಟಕ? ಕೈ ಬಿಡಿಸು!" ಎಂದಳು ಜೊಹಾರಾ.

ಮೈತಾಲ್ ಮುಷ್ಟಿಯನ್ನು ಇನ್ನೂ ಬಿಗಿ ಮಾಡಿದಳು. "ಬಿಡಿಸಲ್ಲ. ಈ ಮನೇಲಿ ಹದಿಮೂರು ವರ್ಷ ಜಗಳವಾಡದೆ ಬಾಳಿದವರು ಬೇರೆ ಯಾರಿದ್ದಾರೆ, ತೋರಿಸು."

"ಹೀಗಾದ್ರೆ ರಬ್ಬಿ ಚಪ್ಪರದ ಕೆಳಗೆ ಬರಲ್ಲ, ನಾನೇ ಹೇಳ್ತೀನಿ ಅವರಿಗೆ," ಎಂದು ಮಾಖ್ಲೂಫ್ ಗುಡುಗಿದರು.

"ಬರೋದು ಬೇಡ ದೊಡ್ಡಪ್ಪ. ಶಾಹಾರ್ ಒಪ್ಪಿದ್ದಾನೆ, ಭಾನುವಾರನೇ ರಬ್ಬಿಗಳ ಕಚೇರಿಯಿಂದ ನಮ್ಮ ಮದುವೆ ಅರ್ಜಿ ವಾಪಸ್ ತಗೊಂಡ್ವಿ. ಸ್ನೇಹಿತರ ನಡುವೆ ಚಪ್ಪರ ಹಾಕ್ಕೋತೀವಿ. ಅಕ್ಕಂಗೆ ಈ ದೇಶದಲ್ಲಿ ಮದುವೆಯ ಕಾಗದ ಕೊಡೋ ದಿನ, ಅದೇ ಸಾಲಲ್ಲಿ ಅವಳ ಹಿಂದೆ ನಿಂತು ನಾವೂ ತಗೋತೀವಿ."

"ನಿಂಗೇನು ಬಂತೇ ಕೇಡು? ನೀನು ಗಂಡನ್ನೇ ಮದುವೆಯಾಗ್ತಿರೋಳು!" ಜೊಹಾರಾಳ ಧ್ವನಿ ಒಡೆಯಿತು.

"ಅದಕ್ಕೇ ಅಮ್ಮ. ನಂಗೆ ಕೇಳದೇ ಸಿಗುತ್ತೆ. ಅವಳ್ನ ಹೊರಗೆ ನಿಲ್ಲಿಸಿ ನಾನು ಒಳಗೆ ಹೋದ್ರೆ, ಬಾಗಿಲು ಹಾಕಿದೋರಲ್ಲಿ ನಾನೂ ಒಬ್ಬಳಾಗ್ತೀನಿ."

ಮಾಖ್ಲೂಫ್ ಟೋಪಿ ತೆಗೆದುಕೊಂಡು ಹೊರಟರು. ಅವರ ಹಿಂದೆ ಏಳೆಂಟು ಜನ ಎದ್ದರು. "ಬಿಡಿಸು ಸೊಲಿಕಾ, ಬಲವಂತವಾಗಿ ಬಿಡಿಸು," ಎಂದಳು ಒಬ್ಬ ಅತ್ತೆ.

ಬಿಡಿಸಿ ನನಗೆ ಅಭ್ಯಾಸವಿದೆ. ವರ್ಷಗಳ ಹಿಂದೆ ಒಬ್ಬ ಮದುಮಗ, ಎಲಿರಾನ್, ಹೀಗೇ ಮುಷ್ಟಿ ಹಿಡಿದಿದ್ದ. ಹುಡುಗನಿಗೆ ನಾಚಿಕೆ ಎಂದು ನಗುನಗುತ್ತ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದೆ. ಅವನ ಮನಸ್ಸು ಇನ್ನೊಬ್ಬ ಹುಡುಗನಲ್ಲಿತ್ತೆಂದು ತಾಯಿಗೆ ಗೊತ್ತಿತ್ತು, ನನಗೂ ಅನುಮಾನವಿತ್ತು. ಎರಡು ವರ್ಷದಲ್ಲಿ ಅವನು ಸಮುದ್ರಕ್ಕೆ ಹಾರಿ ಪ್ರಾಣ ಬಿಟ್ಟ. ಪಾಪ, ಏನೂ ಅರಿಯದ ಅವನ ಹೆಂಡತಿ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಬದುಕಿಲ್ಲದ ಮದುವೆಗೆ ನಾವು ಹಾಡು ಹೇಳಿದೆವು. ಬದುಕಿದ್ದ ಮದುವೆಗೆ ರೂಮು ಎಂದು ಹೆಸರಿಟ್ಟೆವು.

ನಾನು ಬಟ್ಟಲನ್ನು ಯಾರ್ದೆನಾಳ ಕೈಗೆ ಕೊಟ್ಟೆ. ಅವಳು ತಂಗಿಯ ಮುಂದೆ ಕೂತು ಅಳುತ್ತಲೇ ಮದರಂಗಿ ತೆಗೆದಳು. ಮುಷ್ಟಿ ತಾನಾಗಿ ತೆರೆಯಿತು. ಜೊಹಾರಾ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಆಗ ಬಾಗಿಲಲ್ಲಿ ಶಾಹಾರನ ಅಜ್ಜಿ ಬಂದರು, ಬಸ್ಸು ತಡವಾಗಿತ್ತಂತೆ. ತೊಂಬತ್ತರ ಮುದುಕಿ, ಕಿವಿ ಮಂದ. ನಿತ್ಸಾನ್ ಓಡಿ ಹೋಗಿ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಅಜ್ಜಿ ಅವಳ ಗಲ್ಲ ಸವರಿ ಜೊಹಾರಾಳನ್ನು ಕೇಳಿದರು, "ಒಳ್ಳೇ ಹುಡುಗಿ. ಯಾರಮ್ಮ ಇವಳು?"

ಎಲ್ಲರೂ ಜೊಹಾರಾಳನ್ನು ನೋಡಿದೆವು. ಅವಳು ತುಟಿ ಒದ್ದೆ ಮಾಡಿಕೊಂಡಳು. "ನಮ್ಮ ಯಾರ್ದೆನಾಳ..." ಎಂದು ನಿಂತಳು. ಆ ರೂಮಿನ ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ. "ಹೆಂಡತಿ," ಎಂದು ಪಿಸುಗುಟ್ಟಿದಳು.

"ಜೋರಾಗಿ ಹೇಳೇ ತಾಯಿ, ನಂಗೆ ಕೇಳ್ಸಲ್ಲ!"

"ಹೆಂಡತಿ!" ಎಂದು ಜೊಹಾರಾ ಕಿರುಚಿದಳು. "ನನ್ನ ದೊಡ್ಡ ಮಗಳ ಹೆಂಡತಿ! ಹದಿಮೂರು ವರ್ಷ ಆಯ್ತು!"

ಕಿಟಕಿ ತೆರೆದಿತ್ತು. ಮೆಟ್ಟಿಲಲ್ಲಿ ಸಿಗರೇಟು ಸೇದುತ್ತಿದ್ದ ಮಾಖ್ಲೂಫರಿಗೆ ಕೇಳಿಸಿತು, ನಾಲ್ಕೂ ಮಹಡಿಗೆ ಕೇಳಿಸಿತು, ಕೆಳಗಿನ ತರಕಾರಿ ಅಂಗಡಿಯವನು ತಲೆಯೆತ್ತಿ ನೋಡಿದ. ಕಾನೂನು ಮಾಡುವವರಿಗೆ ಮಾತ್ರ ಇನ್ನೂ ಕೇಳಿಸಿಲ್ಲ.