ಹುಳುಮನೆಯಲ್ಲಿ ಮಡಿವಾಳ ಹಕ್ಕಿ

ಯಲ್ಲಮ್ಮನವರು ಯಾರನ್ನೇ ಆಗಲಿ ಮೊದಲು ಪಾದದಿಂದ ನೋಡುತ್ತಿದ್ದರು. ಮುಖ ಆಮೇಲಿನ ಮಾತು. ಸಾತನೂರಿನಾಚೆ, ಅವರ ರೇಷ್ಮೆಹುಳು ಸಾಕುವ ಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೋಗುಣಿಯೊಂದು ಸದಾ ಇರುತ್ತಿತ್ತು. ಅದರಲ್ಲಿ ಕಾಲು ಅದ್ದದೆ ಒಳಗೆ ಹೆಜ್ಜೆಯಿಟ್ಟವನು ತಹಸೀಲ್ದಾರನಾದರೂ ಸರಿಯೆ, "ಅಲ್ಲೇ ನಿಂತ್ಕಳಿ!" ಎಂಬ ಗರ್ಜನೆಗೆ ಕಂಬವಾಗಬೇಕಿತ್ತು. ರೇಷ್ಮೆ ಇಲಾಖೆಯ ನೌಕರನಾಗಿ ಊರೂರಿಗೆ ಶುಚಿತ್ವದ ಪಾಠ ಹೇಳುತ್ತಿದ್ದ ನನ್ನನ್ನೇ ಆಕೆ ಎರಡು ಸಲ ಹಿಂದಕ್ಕಟ್ಟಿ ಕಾಲು ತೊಳೆಸಿದ್ದುಂಟು. ಕುಳ್ಳು ದೇಹ, ಬಲಗಾಲನ್ನು ತುಸು ಎಳೆದು ಹಾಕುವ ನಡಿಗೆ, ಬೇಸಿಗೆಯಲ್ಲೂ ಬಿಚ್ಚದ ಗಂಡನ ಹಳೆಯ ಖಾಕಿ ಕೋಟು, ಪ್ರತಿ ಮಾತಿನ ತುದಿಗೂ ಎಚ್ಚರಿಕೆಯಂತೆ ಬಂದು ಕೂರುವ ಒಂದು "ತಿಳೀತಾ?"

ಒಂದು ಬೆಳೆ ಮುಗಿದೊಡನೆ ಹುಳುಮನೆಯನ್ನು ತೊಳೆದು, ಸುಣ್ಣ ಬಳಿದು, ಬೀಗ ಜಡಿದರೆ ಮುಂದಿನ ಹುಳು ಬರುವ ತನಕ ಅಲ್ಲಿಗೆ ಯಾರಿಗೂ ಪ್ರವೇಶವಿಲ್ಲ, ಸ್ವತಃ ಆಕೆಗೂ ಇಲ್ಲ. ಇಂಥ ನಿಯಮ ನಮ್ಮ ಇಲಾಖೆಯ ಯಾವ ಕೈಪಿಡಿಯಲ್ಲೂ ಇರಲಿಲ್ಲ. "ಆ ಮನೇಗ್ ಮಾಡೋ ಮಡೀಲಿ ಅರ್ಧ ನನ್ ಊಟುಕ್ಕೆ ಮಾಡಿದ್ರೆ ನೂರ್ ವರ್ಸ ಬದುಕ್ತಿದ್ದೆ" ಎಂದು ಪತಿ ದೊಡ್ಡಹನುಮಯ್ಯ ನನ್ನ ಕಿವಿಯಲ್ಲಿ ಗೊಣಗುತ್ತಿದ್ದರು.

೨೦೦೬ರ ಬೇಸಿಗೆ. ಕಾರ್ಖಾನೆಗಳ ಲಾರಿಗಳಿಗಾಗಿ ರಸ್ತೆ ಅಗಲಿಸುವ ಭರದಲ್ಲಿ ಊರ ಮುಂದಿನ ಪೊಟರೆಬಿದ್ದ ಹುಣಸೆಮರಗಳೆಲ್ಲ ಉರುಳಿದ್ದವು. ಬೀಗ ಜಡಿದ ಒಂದು ತಿಂಗಳ ಮೇಲೆ, ಮರುದಿನ ಹುಳು ಬರಲಿದೆಯೆನ್ನುವಾಗ, ಯಲ್ಲಮ್ಮ ಬೆಳಿಗ್ಗೆಯೇ ಬೀಗ ತೆಗೆದರು. ಗೋಡೆಯ ಮೇಲಿನ ಕಿಂಡಿಯ ಬಲೆಯನ್ನು ಅಳಿಲು ಹರಿದಿತ್ತು. ಒಳಗೆ, ತೊಲೆಯ ಮೂಲೆಯಲ್ಲಿ, ಮರದ ಪೊಟರೆಯಲ್ಲಿ ಇರಬೇಕಾಗಿದ್ದ ಮಡಿವಾಳ ಹಕ್ಕಿಯ ಗೂಡು. ಅದರಲ್ಲಿ ಆಗಷ್ಟೆ ಕಣ್ತೆರೆಯುತ್ತಿದ್ದ ಮೂರು ಮರಿ. ನನಗೆ ಕರೆ ಬಂತು.

ಸಂಕಟ ಸಣ್ಣದಾಗಿರಲಿಲ್ಲ. ಊಜಿ ನೊಣವೆಂಬುದೊಂದಿದೆ, ಅದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ನೊಣದ ಮರಿಗಳು ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತವೆ. ಅದಕ್ಕೆ ಒಂದು ತೂತು ಸಾಕು. ತೂತು ಬಿಟ್ಟರೆ ಬೆಳೆ ಹೋಯಿತು, ಮುಚ್ಚಿದರೆ ಹಕ್ಕಿಮರಿಗಳು ಹಸಿದು ಸತ್ತವು. ಸಾಲದ್ದಕ್ಕೆ, ಒಳಗೆ ಬಂದ ಹಕ್ಕಿಗೆ ರೇಷ್ಮೆಹುಳು ಬಿಟ್ಟಿ ಹಬ್ಬದೂಟ. ನಾನು ಎರಡು ಸಲ ಯೋಚಿಸದೆ, "ಕಿತ್ತು ಹಾಕಿಸಿ" ಎಂದೆ. ದೊಡ್ಡಹನುಮಯ್ಯ ಏಣಿ ತಂದರು. ಯಲ್ಲಮ್ಮ ಏಣಿಗೆ ಅಡ್ಡ ನಿಂತುಬಿಟ್ಟರು.

ನನಗೆ ಕೋಪ ನೆತ್ತಿಗೇರಿತು. "ಸಾವಿರಾರು ಹುಳ ಸಾಕಿ, ನೂಲು ತೆಗೆಯೋಕೆ ರಾಮನಗರದ ಬಿಸಿನೀರಿಗೆ ಕಳಿಸೋ ಕೈ ಇದು, ಮೂರು ಮರಿಗೆ ನಡುಗುತ್ತಾ?" ಎಂದುಬಿಟ್ಟೆ. ಅಂದದ್ದು ತಪ್ಪೆಂದು ಆಗಲೇ ಗೊತ್ತಾಯಿತು, ಆದರೆ ಬಾಯಿಂದ ಜಾರಿದ್ದು ಜಾರಿತ್ತು.

"ನಡುಗಾಕಿಲ್ಲ ಸಾರ್. ಹುಳ ಸಾಕೋಳೂ ನಾನೇ, ಕಳ್ಸೋಳೂ ನಾನೇ. ಇವುನ್ನ ನಾನೇನ್ ಕರೀನಿಲ್ಲ, ದಿಟ. ಆದ್ರೆ ಒಂದ್ ತಿಂಗ್ಳು ಬೀಗ ಜಡ್ದು, ಇಲ್ಲಿ ಯಾರೂ ಬರಾಕಿಲ್ಲ ಅಂತ ಅವುಕ್ಕೆ ತೋರ್ಸ್ದೋಳು ಯಾರು? ಅದ ನಂಬ್ಕಂಡು ಮರಿ ಮಾಡವೆ. ತಿಳೀತಾ?"

ಮನೆಯಲ್ಲಿ ಉಳಿದಿದ್ದ ನೈಲಾನ್ ಬಲೆಯ ಸುರುಳಿ ಬಿಚ್ಚಿ, ಬಿದಿರ ಬಳೆಗಳನ್ನು ಇಟ್ಟು, ದಬ್ಬಳದಲ್ಲಿ ಹೊಲಿದು, ಕಿಂಡಿಯಿಂದ ಗೂಡಿನವರೆಗೆ ಬಲೆಯದೇ ಒಂದು ಓಣಿ ಮಾಡಿದರು ಆಕೆ. ಹಕ್ಕಿ ಬಂದರೂ ನೊಣ ಬಂದರೂ ಅದರೊಳಗೇ ಇರಬೇಕು, ಹುಳುವಿನ ತಟ್ಟೆಗೆ ಇಳಿಯಕೂಡದು. ಆಮೇಲೆ ಕದವಿಕ್ಕಿ ನಾವು ಮೂವರೂ ಕೊಟ್ಟಿಗೆಯ ಮರೆಯಲ್ಲಿ ಕುಳಿತೆವು. "ಹೊತ್ತು ಮುಳುಗೋಗಂಟ ನೋಡ್ತೀನಿ. ಹಕ್ಕಿ ಒಳೀಕೋಗ್ನಿಲ್ಲ ಅಂದ್ರೆ ನಾನೇ ಕೀಳ್ತೀನಿ, ನೀವ್ಯಾರೂ ಮುಟ್ಟಂಗಿಲ್ಲ" ಎಂದರು. ಆಕೆ ಆಡಿದ ಮೇಲೆ ಮಾಡುವವರೇ ಎಂಬುದು ನನಗೆ ಗೊತ್ತಿತ್ತು.

ಹೆಣ್ಣುಹಕ್ಕಿ ಕೊಕ್ಕಿನಲ್ಲಿ ಮಿಡತೆ ಕಚ್ಚಿಕೊಂಡು ಕರೆಂಟಿನ ತಂತಿಯ ಮೇಲೆ ಕೂತಿತು. ಕಿಂಡಿಯವರೆಗೆ ಹಾರಿತು, ರೆಕ್ಕೆ ಬಡಿಯಿತು, ಹಿಂದಿರುಗಿತು. ಮತ್ತೊಮ್ಮೆ. ಮಗದೊಮ್ಮೆ. ಒಳಗಿನ ಚೀರಾಟ ತೆಳುವಾಗುತ್ತ ಬಂದು ನಿಂತೇಹೋಯಿತು. ಬಿಸಿಲು ಹೆಂಚಿನಿಂದ ಜಾರಿತು. ಯಲ್ಲಮ್ಮ ಎದ್ದರು, ಏಣಿಯನ್ನು ಗೋಡೆಗೆ ಒರಗಿಸಿ, ಕೋಟಿನ ತೋಳು ಮಡಚಿ, ನಮ್ಮತ್ತ ತಿರುಗದೆ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಆಗ, ಇಡೀ ದಿನ ಮುಖ ತೋರಿಸದಿದ್ದ ಗಂಡುಹಕ್ಕಿ ಎಲ್ಲಿಂದಲೋ ಬಂದು ಒಂದಿಷ್ಟೂ ಅನುಮಾನಿಸದೆ ನೇರ ಓಣಿಯೊಳಕ್ಕೆ ನುಗ್ಗಿತು. ಮರಿಗಳು ಒಮ್ಮೆಗೇ ಬೊಬ್ಬೆಯಿಟ್ಟವು.

"ನೋಡ್ದಾ? ಗಂಡ್ಸೇ ಬರ್ಬೇಕಾಯ್ತು!" ಎಂದರು ದೊಡ್ಡಹನುಮಯ್ಯ.

"ಬಾಯ್ ಮುಚ್ಕಳಿ. ಬೆಳುಗ್ಗಿಂದ ಒದ್ದಾಡ್ದೋಳು ಕಾಣ್ನಿಲ್ವಾ?" ಎಂದ ಆಕೆಯ ದನಿ ಮಾತ್ರ ನಡುಗುತ್ತಿತ್ತು.

ಎಲ್ಲವೂ ಸುಖವಾಗಿ ಮುಗಿಯಿತೆಂದು ಬರೆದರೆ ಸುಳ್ಳಾದೀತು. ಒಂದು ಹೊಲಿಗೆ ಬಿಟ್ಟು ನೊಣ ನುಸುಳಿತು; ಕಪ್ಪು ಚುಕ್ಕೆ ಬಿದ್ದ ಹುಳುಗಳನ್ನು ಆಕೆ ಒಂದೊಂದಾಗಿ ಆರಿಸಿ, ಮೊರಗಟ್ಟಲೆ ತಾವೇ ಸುಟ್ಟರು, ಯಾರನ್ನೂ ದೂರಲಿಲ್ಲ. ಮೂರು ಮರಿಗಳಲ್ಲಿ ಎರಡು ಹಾರಿದವು, ಒಂದು ಉಳಿಯಲಿಲ್ಲ. ಹಾರಿದ ಗಳಿಗೆಯಲ್ಲೇ ಓಣಿ ಬಿಚ್ಚಿ ಕಿಂಡಿಗೆ ಎರಡು ಪದರದ ಬಲೆ ಬಿಗಿದರು. ಅಂದಿನಿಂದ, ಬೀಗ ಜಡಿದ ತಿಂಗಳುಗಳಲ್ಲೂ ದಿನಕ್ಕೊಮ್ಮೆ ಕದ ತೆರೆದು, ಖಾಲಿ ಮನೆಯೊಳಗೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ ಬರುತ್ತಿದ್ದರಂತೆ, ಇಲ್ಲಿ ಜನರಿದ್ದಾರೆಂದು ಯಾವ ಜೀವಕ್ಕಾದರೂ ತಿಳಿಯಲಿ ಎಂದು.

ನಿಯಮ ಮಾಡುವವರು ಲೋಕದಲ್ಲಿ ಹೇರಳ. ನಾನೂ ಮೂವತ್ತು ವರ್ಷ ಅದನ್ನೇ ಹಂಚಿದವನು. ತನ್ನ ನಿಯಮವನ್ನು ನಂಬಿ ಯಾರು ಬಂದು ಸೇರಿಕೊಂಡರೆಂದು ನೋಡಿ, ಅವರ ಹೊರೆಯನ್ನೂ ಹೊತ್ತು, ಕೊನೆಗೆ ನಿಯಮವನ್ನೇ ತಿದ್ದಿಕೊಳ್ಳುವವರು ಅಪರೂಪ. ಇಂಥವರನ್ನು ನಾವು ಕಠಿಣರು ಎಂದು ಕರೆಯುತ್ತೇವೆ. ಹಾಗೆ ಕರೆದುಬಿಟ್ಟರೆ ಅವರಂತೆ ಬದುಕುವ ಹೊಣೆ ನಮಗೆ ತಪ್ಪುತ್ತದೆ.