ಪುರಿ ಸೀಲಿಂಗನ್ನು ಕೆರೆಯಬೇಡಿ

ನಮ್ಮ ಮಧುಗಿರಿ ಮನೆಯ ನಡುಕೋಣೆಯ ಸೀಲಿಂಗು ನೋಡಿ ನಗದವರೇ ಇರಲಿಲ್ಲ. ಯಾರೋ ಪುರಿ ಎರಚಿ ಅಂಟಿಸಿದ ಹಾಗೆ ಉದ್ದಕ್ಕೂ ಬಿಳಿ ಗುಳ್ಳೆ. ಆ ಮನೆ ಕಟ್ಟಿದ ಕಂಟ್ರಾಕ್ಟರು ಬೊಂಬಾಯಿಯಲ್ಲಿದ್ದು ಬಂದವನಂತೆ, ಅಲ್ಲಿಯ ಫ್ಯಾಷನ್ನನ್ನು ಇಲ್ಲಿಗೂ ತಂದಿದ್ದ. ಉಣ್ಣೆ ವ್ಯಾಪಾರದ ಮುದ್ದಪ್ಪನಿಗೆ ಈ ಸೋಗು ಯಾಕೆ ಬೇಕಿತ್ತೋ ಎಂದು ನೆಂಟರೆಲ್ಲ ನಮ್ಮಪ್ಪನನ್ನು ಆಡಿಕೊಂಡರು. ಅಪ್ಪನಿಗೋ ಅದು ಕುರಿಯ ಮೈ ಕಂಡಂತೆ ಕಾಣುತ್ತಿತ್ತು, ಅದಕ್ಕೇ ಅಕ್ಕರೆ.

ನಾನು ಅವರ ಮಗಳು ಕೆಂಪಕ್ಕ. ಎಂಬತ್ತೇಳನೆಯ ಇಸವಿಯಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಬಾಣಂತಿಗೆ ನಡುಕೋಣೆಯೇ ಬೆಚ್ಚಗೆ ಎಂದು ನಮ್ಮಮ್ಮ ಪುಟ್ಟಕ್ಕ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಆದರೆ ಮಳೆಗೆ ಒಂದು ಮೂಲೆ ಸೋರಿ ಗುಳ್ಳೆಗಳು ಉದುರತೊಡಗಿದವು. ಎಷ್ಟು ಒದರಿದರೂ ಹಾಸಿಗೆ ಮೇಲೆ ಬಿಳಿ ಪುಡಿ.

"ಮೊಗ ಮಲ್ಗೋ ಜಾಗ ಇಂಗಿದ್ರೆ ಹೆಂಗೆ? ಪೂರ್ತಿ ಕೆರೆದು ಸುಣ್ಣ ಬಳ್ದುಬುಡ್ತೀನಿ" ಎಂದು ಅಮ್ಮ ಕುಡುಗೋಲು ಹಿಡಿದು ಏಣಿ ಹತ್ತಿದಳು. ನಮ್ಮಮ್ಮ ಏನನ್ನೂ ದಂಡ ಮಾಡುವವಳಲ್ಲ. "ಉದುರಿದ್ದನ್ನ ಕುಟ್ಟಿ ಜರಡಿ ಹಿಡಿ ಕಣಮ್ಮ, ಒಳ್ಳೇ ರಂಗೋಲಿ ಪುಡಿ ಆಯ್ತದೆ. ಬೀದೀಗೆಲ್ಲ ಹಂಚಾನ" ಎಂದು ಜರಡಿಯನ್ನು ನನ್ನ ಕೈಗೆ ಕೊಟ್ಟಳು. ತುಂಬು ಬಸುರಿ, ನಾನೂ ಕೂತುಕೊಂಡೆ.

ಅಷ್ಟರಲ್ಲಿ ಎದುರು ಮನೆಯ ದಾಕ್ಷಾಯಣಮ್ಮ ನನ್ನನ್ನು ನೋಡಲು ಬಂದರು. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಬಾಗಿಲಲ್ಲೇ ನಿಂತು ಕೂಗಿದರು.

"ಪುಟ್ಟಕ್ಕ, ಕೈ ನಿಲ್ಸಿ! ಕೆಂಪೀ, ಜರಡಿ ಅಲ್ಲೇ ಇಟ್ಟು ಮೆಲ್ಲಗೆ ಆಚೆ ಬಾ."

"ಅಯ್ಯೋ, ಹಾವು ಕಂಡಂಗೆ ಯಾಕ್ ಕೂಗ್ತೀರಿ? ಸುಣ್ಣ ಕಣಮ್ಮ ಇದು."

"ಅದರಲ್ಲಿ ಕಲ್ನಾರು ಬೆರೆಸಿರಬಹುದು ಪುಟ್ಟಕ್ಕ. ಆಸ್ಬೆಸ್ಟಾಸ್ ಶೀಟಿಗೆ ಹಾಕ್ತಾರಲ್ಲ, ಅದೇ. ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ. ಸುಮ್ಮನೆ ಬಿಟ್ರೆ ಸುಮ್ಮನಿರುತ್ತೆ. ಕೆರೆದ್ರೆ, ಕುಟ್ಟಿದ್ರೆ ಸಣ್ಣ ನಾರು ಗಾಳಿಗೆ ಏಳುತ್ತೆ. ಉಸಿರಲ್ಲಿ ಒಳಗೆ ಹೋಗಿ ಕೂತ್ರೆ ಆಚೆ ಬರಲ್ಲ. ಎಷ್ಟೋ ವರ್ಷ ಆದ್ಮೇಲೆ ಉಸಿರು ಕಟ್ಟುತ್ತೆ, ಕ್ಯಾನ್ಸರೂ ಬರಬಹುದು."

"ಎಷ್ಟೋ ವರ್ಷದ್ ಮಾತು ಈಗ್ಯಾಕೆ ಬುಡಿ. ಬಾಯಿಗೆ ಸೆರಗು ಕಟ್ಕಂಡಿವ್ನಲ್ಲ."

"ಸೆರಗಿನ ಎಳೆ ಸಂದೀಲೇ ಅದು ನುಸುಳುತ್ತೆ."

ಅಮ್ಮ ಮತ್ತೆ ಕುಡುಗೋಲು ಎತ್ತಿದಳು. ದಾಕ್ಷಾಯಣಮ್ಮನ ದನಿ ಇಳಿಯಿತು.

"ನಮ್ಮಣ್ಣ ಪರ್ವತಯ್ಯ ದೂರದೂರಲ್ಲಿ ಶೀಟು ಮಾಡೋ ಕಾರ್ಖಾನೇಲಿದ್ರು. ಸಂಜೆ ಮೈತುಂಬ ಪುಡಿ ಹೊತ್ಕೊಂಡು ಬರೋರು. ಅತ್ತಿಗೆ ಆ ಅಂಗಿ ಒದರಿ ಒಗೆಯೋರು. ಅಷ್ಟೇ ಅವರು ಮಾಡಿದ್ದು, ಕಾರ್ಖಾನೆ ಬಾಗಿಲನ್ನೂ ಕಂಡೋರಲ್ಲ. ಅಣ್ಣ ಹೋದ್ರು. ಈಗ ಅತ್ತಿಗೆ ಬಚ್ಚಲಿಂದ ಅಡುಗೆಮನೆಗೆ ಬರೋಷ್ಟರಲ್ಲಿ ಏದುಸಿರು ಬಿಟ್ಟು ಕೂತ್ಕೋತಾರೆ. ಆ ಪುಡೀನೇ ಕಾರಣ ಅಂದ್ರು ಡಾಕ್ಟ್ರು. ಕೆಂಪಿ ಕೈಲಿ ಜರಡಿ ನೋಡಿ ಎದೆ ಧಸಕ್ ಅಂತು ಪುಟ್ಟಕ್ಕ."

ಅಮ್ಮ ಏಣಿ ಇಳಿದಳು. ನನ್ನ ಹೊಟ್ಟೆ ನೋಡಿದಳು, ಕಣ್ಣು ತುಂಬಿತು. "ನಾನೇ ಕೊಟ್ನಲ್ಲವ್ವ ನಿನ್ ಕೈಗೆ" ಎಂದಳು.

"ಒಂದು ಗಳಿಗೆ ಪುಡಿ ತಾಕಿದ್ದಕ್ಕೆ ಗಾಬರಿ ಬೀಳಬೇಡಿ, ಇನ್ನು ಮೇಲೆ ಅದನ್ನ ಎಬ್ಬಿಸದಿದ್ರೆ ಸಾಕು" ಎಂದು ದಾಕ್ಷಾಯಣಮ್ಮ ಸಮಾಧಾನ ಹೇಳಿದರು. ಪೊರಕೆ ಮುಟ್ಟಲು ಬಿಡಲಿಲ್ಲ. ನನ್ನನ್ನು ತಮ್ಮ ಮನೆಗೆ ಕಳಿಸಿ, ಬಿದ್ದ ಪುಡಿಯ ಮೇಲೆ ಮೆಲ್ಲಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆ ಬಟ್ಟೆ, ಜರಡಿ ಎಲ್ಲ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹೋದವು. ಅದನ್ನು ಇನ್ನೊಂದು ಚೀಲದೊಳಗಿಟ್ಟು ಬಾಯಿ ಬಿಗಿದರು. ಅಮ್ಮ ತಿಪ್ಪೆಗೆ ಹಾಕುತ್ತೇನೆಂದಾಗ, "ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತೆ, ಬೇಡ" ಎಂದರು. ನಾನೂ ಅಮ್ಮನೂ ಉಟ್ಟಿದ್ದ ಸೀರೆಗಳನ್ನು ಒದರದೆ ನೀರಲ್ಲಿ ಅದ್ದಿಸಿದರು. ಚೀಲವನ್ನು ಒಳಗೇ ಬಿಟ್ಟು ಕೋಣೆಗೆ ಬೀಗ ಹಾಕಿದರು.

ಅವರಿಗೆ ಪರಿಚಯದ ಎಂಜಿನಿಯರ್ ಚಂದ್ರಶೇಖರಯ್ಯ ಬಂದು ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ಕಲ್ನಾರು ಇದೆ ಎಂದೇ ಬಂತು.

"ಅಂಗಾರೆ ಪೂರಾ ಕಿತ್ತಾಕ್ಸಿ ಸ್ವಾಮಿ" ಎಂದಳು ಅಮ್ಮ.

"ಗಟ್ಟಿ ಇರೋದನ್ನ ಕಿತ್ರೇನೇ ಅಪಾಯ ತಾಯಿ, ಮುಚ್ಚೋದೇ ಮೇಲು" ಎಂದರು ಅವರು.

"ಹಳೇ ಸೀರೆ ಕಟ್ಟಿದ್ರೆ?"

"ಸೀರೆಯಿಂದ ಪುಡಿ ಸೋಸಿ ಬರುತ್ತೆ."

ಮೊದಲು ಸೋರಿಕೆ ನಿಲ್ಲಿಸಿದರು. ಹಾಳಾದ ಮೂಲೆಯನ್ನಷ್ಟೇ ಈ ಕೆಲಸಕ್ಕೆ ತರಬೇತಿ ಪಡೆದು ಬೆಂಗಳೂರಿನಿಂದ ಬಂದವರು ನೀರಲ್ಲಿ ನೆನೆಸಿ ತೆಗೆದರು, ಅದನ್ನೂ ಮೊದಲು ಕಟ್ಟಿಟ್ಟಿದ್ದ ಚೀಲವನ್ನೂ ಅವರೇ ಒಯ್ದರು. ಮೂತಿಗೆ ಅವರು ಹಾಕಿಕೊಂಡ ಮುಖವಾಡ ನೋಡಿ ಬೀದಿ ಮಕ್ಕಳಿಗೆಲ್ಲ ತಮಾಷೆ. ಆಮೇಲೆ ಗೋಡೆಯಿಂದ ಗೋಡೆಗೆ ಮರದ ತೊಲೆ ಕೂರಿಸಿ, ತೊಲೆಗೆ ಪ್ಲೈವುಡ್ ಹೊಡೆದು, ಸಂದುಗಳನ್ನೆಲ್ಲ ಮುಚ್ಚಿದರು. ಹಳೆಯ ಸೀಲಿಂಗಿಗೆ ಒಂದು ಮೊಳೆಯನ್ನೂ ತಾಗಿಸಲಿಲ್ಲ.

ಅದೆಲ್ಲ ಮುಗಿಯುವ ಮೊದಲೇ ನನಗೆ ಹೆರಿಗೆಯಾಯಿತು. ಆಸ್ಪತ್ರೆಯಿಂದ ನಾನು ಬಂದದ್ದು ದಾಕ್ಷಾಯಣಮ್ಮನ ಮನೆಗೇ. ದೇವರಮನೆ ಪಕ್ಕದ ಕೋಣೆಯನ್ನು ನನಗೆ ಬಿಟ್ಟುಕೊಟ್ಟು, ತಾವು ಪಡಸಾಲೆಯಲ್ಲಿ ಮಲಗಿದರು. ಮಗುವಿಗೆ ಎಣ್ಣೆ ಒತ್ತಿದವರೂ ಅವರೇ, ನನಗೆ ಬಿಸಿನೀರು ಎರೆದವರೂ ಅವರೇ. ಹೆತ್ತವ್ವನಷ್ಟೇ ಮಾಡಿದರು.

ನಾಮಕರಣದ ದಿನ ಅಮ್ಮ ಅವರಿಗೆ ಹೊಸ ಸೀರೆ ಮಡಿಲಿಗಿಟ್ಟು ಕೈ ಹಿಡಿದುಕೊಂಡಳು. "ನಿಮ್ ಋಣ ಹೆಂಗವ್ವ ತೀರ್ಸಾದು?"

"ಬರಗೂರಿನ ನಿಮ್ಮ ತಂಗಿ ಹಳೇ ಆಸ್ಬೆಸ್ಟಾಸ್ ಶೀಟು ಗರಗಸದಲ್ಲಿ ಕೊಯ್ಸಿ ಕೊಟ್ಟಿಗೆಗೆ ಹಾಕಿಸ್ತಾರಂತೆ. ಹೋಗಿ ತಡೀರಿ. ಅಲ್ಲಿಗೆ ತೀರ್ತು."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಅಮ್ಮ ಶಿರಾಕ್ಕೆ ಹೊರಟಳು. ಅಲ್ಲಿಂದ ಬರಗೂರಿಗೆ ಹೋಗಿ ಗರಗಸವನ್ನೇ ಕಿತ್ತುಕೊಂಡು ಬಂದಳು!

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಗುಳ್ಳೆಯ ಸೀಲಿಂಗೋ ಹಳೆಯ ಶೀಟೋ ಇದ್ದರೆ ಕೆರೆಯಬೇಡಿ, ಕೊಯ್ಯಬೇಡಿ, ಒಣಪೊರಕೆಯಲ್ಲಿ ಗುಡಿಸಬೇಡಿ. ಏನು ಬೆರೆತಿದೆ ಎಂದು ಗೊತ್ತಿಲ್ಲದಿದ್ದರೆ ಕಲ್ನಾರು ಇದೆ ಎಂದೇ ತಿಳಿದು ದೂರವಿರಿ, ಮಕ್ಕಳು ಬಸುರಿಯರನ್ನು ದೂರವಿಡಿ. ಗಟ್ಟಿ ಇದ್ದರೆ ಮುಚ್ಚಿಸಿ, ತೆಗೆಯಲೇಬೇಕಾದರೆ ಬಲ್ಲವರನ್ನು ಕರೆಸಿ. ನಮಗೆ ಬಾಗಿಲಲ್ಲಿ ನಿಂತು ಕೂಗಲು ದಾಕ್ಷಾಯಣಮ್ಮ ಇದ್ದರು. ನಿಮ್ಮ ಬೀದಿಯಲ್ಲಿ ಅಂಥವರು ಇಲ್ಲದಿದ್ದರೆ, ನೀವೇ ಕೂಗಿ.