ಎರಡೋ ಇಬ್ಬರೋ

ಆಸ್ಪತ್ರೆಯಿಂದ ಕಾಗದ ಬಂದ ದಿನ ದರ್ಜಿಯಾಕೆಗೆ ಕೈಯೇ ಓಡಲಿಲ್ಲ. ಏಳು ವರ್ಷದ ಹಿಂದೆ ಮಗಳು ಹುಟ್ಟಿದ್ದು ಅಲ್ಲಿಯ ಚಿಕಿತ್ಸೆಯಿಂದಲೇ. ಆಗ ಲ್ಯಾಬಿನಲ್ಲಿ ಬೆಳೆಸಿದ ಭ್ರೂಣಗಳಲ್ಲಿ ಎರಡು ಉಳಿದಿದ್ದವು. ಅವನ್ನು ಇಂದಿಗೂ ಅಲ್ಲೇ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಇನ್ನೂ ಇಡಬೇಕೆ, ಮಕ್ಕಳಿಲ್ಲದ ಬೇರೆಯವರಿಗೆ ಕೊಡಬೇಕೆ, ಇಲ್ಲ ಕೈಬಿಡಬೇಕೆ ಎಂದು ಕಾಗದ ಕೇಳಿತ್ತು. ಅವಳ ಗರ್ಭಕೋಶವನ್ನು ಹೋದ ವರ್ಷವೇ ತೆಗೆದಾಗಿತ್ತು.

ಎಲೆಕ್ಟ್ರಿಷಿಯನ್ ಗಂಡನದು ಒಂದೇ ಮಾತು: ಸೂಜಿಮೊನೆಯಷ್ಟೂ ಇಲ್ಲದ್ದು ಜೀವ ಹೇಗಾದೀತು, ಎರಡನ್ನೂ ಬಿಟ್ಟುಬಿಡೋಣ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೂತಲ್ಲಿಂದಲೇ ಮಗನನ್ನು ತಿದ್ದಿದರು.

"ಎರಡು ಅನ್ಬೇಡ್ವೋ, ಇಬ್ಬರು ಅನ್ನು. ನಿನ್ನ ಮಗಳೂ ಅಲ್ಲಿಂದ್ಲೇ ಬಂದೋಳು."

ಅಂದಿನಿಂದ ತಾಯಿ ಮಗನಿಗೆ ಎಣ್ಣೆ ಸೀಗೆಕಾಯಿ. ಇಬ್ಬರ ಮಾತೂ ಸರಿಯೆನಿಸಿ ಇವಳು ಅಡಕತ್ತರಿಗೆ ಸಿಕ್ಕ ಅಡಕೆಯಾದಳು. ರವಿಕೆಯ ಎಡತೋಳನ್ನು ಬಲಕ್ಕೆ ಹೊಲಿದು ಬಿಚ್ಚುವುದೇ ಕೆಲಸವಾಯಿತು.

ಒಂಬತ್ತನೇ ದಿನ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೇ ಹೋದಳು. ಭ್ರೂಣಗಳನ್ನು ನೋಡಿಕೊಳ್ಳುವ ಲ್ಯಾಬಿನಾಕೆ ಇಬ್ಬರನ್ನೂ ಕೂರಿಸಿದರು.

"ಅವಕ್ಕೆ ಜೀವ ಇದೆಯಾ ಮೇಡಂ?" ಎಂದು ಇವಳು ಕೇಳಿದಳು.

ಆಕೆ ಕನ್ನಡಕ ತೆಗೆದು ಒರೆಸಿದರು. "ಹದಿನಾರು ವರ್ಷದಿಂದ ದಿನಾ ನೋಡ್ತೀನಮ್ಮ. ಜೀವಕೋಶಗಳು ಬದುಕಿವೆ, ಅಷ್ಟು ಹೇಳಬಲ್ಲೆ. ಯಾವಾಗಿಂದ ಮಗು ಅನ್ಬೇಕು ಅನ್ನೋದ್ರಲ್ಲಿ ದೊಡ್ಡ ದೊಡ್ಡೋರಿಗೇ ಒಮ್ಮತ ಇಲ್ಲ. ನಂಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಜೋಪಾನವಾಗಿ ಮುಟ್ತೀನಿ."

ಬಲ್ಲವರಿಗೇ ತಿಳಿಯದ್ದು ತನಗೆ ತಿಳಿಯದಿದ್ದರೆ ತಪ್ಪೇನಲ್ಲ ಎನಿಸಿ ಅವಳ ಎದೆಯ ಭಾರ ಇಳಿಯಿತು. ತಿಳಿಯದ್ದನ್ನು ಕೈಬಿಡುವುದು ಬೇಡ, ಬೇರೆಯವರಿಗೆ ಕೊಡೋಣ ಎಂದು ಗಂಡನಿಗೆ ಹೇಳಿದಳು. ಅವನು ಒಪ್ಪಿಗೆ ಕಾಗದದ ಮುಂದೆ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ.

"ನಾಳೆ ನನ್ನ ಮೂಗು ಹೊತ್ಕೊಂಡ ಮಗು ಬೀದೀಲಿ ಎದುರಾದ್ರೆ ಏನೇ ಮಾಡ್ಲಿ?"

ಬಿಟ್ಟುಬಿಡೋಣ ಎನ್ನುತ್ತಿದ್ದವನ ಮನಸ್ಸಿನೊಳಗೆ ಇದ್ದದ್ದು ಈ ಅಳುಕೇ ಎಂದು ಅವಳಿಗೆ ಆಗ ಹೊಳೆಯಿತು. ಅವನ ಮಂಡಿಯ ಮೇಲೆ ಕೈಯಿಟ್ಟಳು.

"ಚೆನ್ನಾಗಿದೀಯಾ ಅಂತ ಮನಸ್ಸಲ್ಲೇ ಕೇಳಿ ದಾರಿ ಬಿಡಿ. ಆ ಮೂಗಿಗೆ ಜಾಗ ಜಾಸ್ತಿ ಬೇಕು."

ಲ್ಯಾಬಿನಾಕೆ ನಗು ತಡೆಯಲಾರದೆ ಮುಖ ತಿರುಗಿಸಿದರು. ಗಂಡ ಮೊದಲು ಸಹಿ ಹಾಕಿದ, ಆಮೇಲೆ ಇವಳು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ನಾನೇ ಗೆದ್ದೆ ಎನ್ನಲಿಲ್ಲ. ಎಲ್ಲಾದರೂ ಬೆಚ್ಚಗಿರಲಿ ಎಂದಷ್ಟೇ ಹೇಳಿ ಒಳಗೆ ಹೋದರು. ದರ್ಜಿಯಾಕೆ ಚಾಪೆ ಹಾಸಿಕೊಂಡು, ಮಗಳು ಶಾಲೆಯಿಂದ ಬಂದು ಎಬ್ಬಿಸುವವರೆಗೂ ಕಣ್ತುಂಬ ನಿದ್ದೆ ಮಾಡಿದಳು.